‘ಅಪ್ಪ’ ಎಂಬ ಪದದ ಲಿಂಗ: ಲಿಂಗಾಂತರಿ ಪಾಲಕರ ನಿವೇದನೆ ಮತ್ತು ಸಂಬಂಧವಾಚಕಗಳು

ಕನ್ನಡ ಓದುಗರಿಗೆ ಪರಿಚಿತವಾಗಿರುವ ಲಿಂಗಾಂತರಿ ಸಮುದಾಯದ ಆತ್ಮಕಥನಗಳು ಬಹುಮಟ್ಟಿಗೆ ಮಕ್ಕಳ ಸ್ಥಾನದಿಂದ ಆರಂಭವಾಗುತ್ತವೆ. ಎ. ರೇವತಿಯವರ ‘ಬದುಕು ಬಯಲು’ ಆಗಲಿ, ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಆಗಲಿ, ಹುಟ್ಟಿದ ಮನೆಯ ಎದುರು ತನ್ನತನವನ್ನು ಉಳಿಸಿಕೊಳ್ಳಬೇಕಾದ ಮಗುವಿನ ಸಂಕಟವನ್ನು ನಿರೂಪಿಸುತ್ತವೆ. ಇದಕ್ಕೆ ವಿರುದ್ಧ ದಿಕ್ಕಿನ ಸನ್ನಿವೇಶವೂ ಉಂಟು. ತಂದೆಯಾಗಿಯೋ ತಾಯಿಯಾಗಿಯೋ ವರ್ಷಗಳನ್ನು ಕಳೆದ ವ್ಯಕ್ತಿ ತನ್ನ ಲಿಂಗತ್ವದ ನಿಜವನ್ನು ಸ್ವಂತ ಮಕ್ಕಳಿಗೆ ತಿಳಿಸಬೇಕಾದ ಸನ್ನಿವೇಶವದು. ಅಲ್ಲಿ ಬದಲಾಗುವುದು ಹೇಳುವವರ ಹೆಸರಷ್ಟೇ ಅಲ್ಲ. ಕೇಳುವ ಮಗು ಮೊದಲು ಕಲಿತ ಪದವೇ ಪ್ರಶ್ನೆಗೊಳಗಾಗುತ್ತದೆ. ಆ ಪದದ ಮೇಲೆ ಹಕ್ಕು ಯಾರದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದ ಎರಡು ಆತ್ಮಕಥನಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ. 2003ರಲ್ಲಿ ‘ಷೀ ಈಸ್ ನಾಟ್ ದೇರ್’ ಪ್ರಕಟಿಸಿದ ಜೆನ್ನಿಫರ್ ಫಿನ್ನೆ ಬಾಯ್ಲನ್ ಅವರ ಮಕ್ಕಳು ಆಗ ಚಿಕ್ಕವರು. ‘ಮಮ್ಮಿ’ ಮತ್ತು ‘ಡ್ಯಾಡಿ’ಗಳನ್ನು ಕೂಡಿಸಿ ಅವರು ‘ಮ್ಯಾಡಿ’ ಎಂಬ ಪದವನ್ನು ತಾವೇ ಕಟ್ಟಿಕೊಂಡರು. ಅರ್ಥಶಾಸ್ತ್ರಜ್ಞೆ ಡೀರ್ಡ್ರೆ ಮೆಕ್ಲಾಸ್ಕಿ ಅವರ ‘ಕ್ರಾಸಿಂಗ್’ (1999) ಇನ್ನೊಂದು ಬಗೆಯದು. 1995ರಲ್ಲಿ, ಐವತ್ತು ದಾಟಿದ ಮೇಲೆ, ಅವರು ಪರಿವರ್ತನೆಗೆ ತೊಡಗಿದಾಗ ಪ್ರಾಯಕ್ಕೆ ಬಂದಿದ್ದ ಇಬ್ಬರು ಮಕ್ಕಳೂ ಸಂಪರ್ಕ ಕಡಿದುಕೊಂಡರು. ಈ ಕೃತಿಯಲ್ಲಿ ಲೇಖಕಿ ತನ್ನನ್ನು ಪ್ರಥಮ ಪುರುಷದಲ್ಲಿಯೇ ನಿರೂಪಿಸುತ್ತಾ ಡೊನಾಲ್ಡ್, ಡೀ, ಡೀರ್ಡ್ರೆ ಎಂಬ ಮೂರು ಹೆಸರುಗಳನ್ನು ಮೂರು ಘಟ್ಟಗಳಿಗೆ ಬಳಸುತ್ತಾರೆ. ಮೂರು ಹೆಸರುಗಳಿದ್ದರೂ ಮಕ್ಕಳು ಕರೆಯಬಹುದಾದ ಹೆಸರು ಅವುಗಳಲ್ಲಿಲ್ಲ. ಮಗು ತಾನೇ ಪದ ಕಟ್ಟಿದಲ್ಲಿ ಸಂಬಂಧ ಉಳಿಯಿತು. ಪದವೇ ಹುಟ್ಟದಿದ್ದಲ್ಲಿ ಮೌನ ಉಳಿಯಿತು. ಇದಕ್ಕೆ ವಯಸ್ಸೂ ಕಾರಣವಾಗಿರಬಹುದು. ಟೋನ್ಯಾ ವೈಟ್ ಮತ್ತು ರ‍್ಯಾಂಡಿ ಎಟ್ನರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಪರಿವರ್ತನೆಯ ಕಾಲಕ್ಕೆ ಚಿಕ್ಕವರಾಗಿದ್ದ ಮಕ್ಕಳು ಹೆಚ್ಚು ಸುಲಭವಾಗಿ ಹೊಂದಿಕೊಳ್ಳುತ್ತಾರೆ ಎಂದೂ, ದಂಪತಿಗಳ ನಡುವಿನ ಕಲಹ ಅವರಿಗೆ ತೊಡಕಾಗುತ್ತದೆ ಎಂದೂ ಸೂಚಿಸುತ್ತದೆ.

ಮನೆಯಲ್ಲಿ ಇತ್ಯರ್ಥವಾಗುವ ಪದ ದಾಖಲೆಯಲ್ಲಿ ಇತ್ಯರ್ಥವಾಗುವುದಿಲ್ಲ. ಬ್ರಿಟನ್ನಿನಲ್ಲಿ ಕಾನೂನಿನ ಪ್ರಕಾರ ಪುರುಷನಾಗಿದ್ದ ಫ್ರೆಡ್ಡಿ ಮೆಕ್‌ಕಾನೆಲ್ ಮಗುವನ್ನು ಹೆತ್ತಾಗ, ಹೆತ್ತವರು ‘ತಾಯಿ’ಯೆಂದೇ ನೋಂದಣಿಯಾಗಬೇಕೆಂದು 2019ರಲ್ಲಿ ನ್ಯಾಯಾಲಯ ತೀರ್ಪಿತ್ತಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೇರಳದ ಕೋಳಿಕ್ಕೋಡಿನಲ್ಲಿ 2023ರಲ್ಲಿ ಲಿಂಗಾಂತರಿ ಪುರುಷ ಜಹಾದ್ ಮಗುವಿಗೆ ಜನ್ಮವಿತ್ತರು. ಜನನ ಪ್ರಮಾಣಪತ್ರದಲ್ಲಿ ಅವರನ್ನು ತಾಯಿಯೆಂದೂ ಸಂಗಾತಿ ಜಿಯಾ ಅವರನ್ನು ತಂದೆಯೆಂದೂ ನಮೂದಿಸಲಾಗಿತ್ತು. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಇಬ್ಬರನ್ನೂ ‘ಪೋಷಕರು’ ಎಂದಷ್ಟೇ ನಮೂದಿಸಲು ಆದೇಶಿಸಿತು. ಮೊದಲ ತೀರ್ಪು ‘ತಾಯಿ’ಯನ್ನು ಲಿಂಗದಿಂದ ಬೇರ್ಪಡಿಸಿ ಕ್ರಿಯೆಗೆ ಕಟ್ಟಿತು, ಎರಡನೆಯದು ಎರಡೂ ಪದಗಳನ್ನು ಬದಿಗಿರಿಸಿತು.

ಕನ್ನಡದ ಸ್ಥಿತಿ ಹೇಗೆ? ‘ಹೆತ್ತವರು’, ‘ಪಾಲಕರು’, ‘ಪೋಷಕರು’ ಎಂಬ ಲಿಂಗಸೂಚನೆಯಿಲ್ಲದ ಪದಗಳು ನಮ್ಮಲ್ಲಿವೆ. ಆದರೆ ಇವು ಉಲ್ಲೇಖಿಸುವ ಪದಗಳು, ಕರೆಯುವ ಪದಗಳಲ್ಲ. ಯಾವ ಮಗುವೂ ‘ಪೋಷಕರೇ’ ಎಂದು ಕೂಗುವುದಿಲ್ಲ. ಆದರೂ ‘ಹೆತ್ತ ತಂದೆ’ ಎಂಬ ರೂಢಿಯ ಮಾತು ಹೆರುವ ಕ್ರಿಯೆಯನ್ನು ಗಂಡಿಗೂ ಹೊಂದಿಸಿದೆ. ಜಹಾದರಂಥವರ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗುತ್ತದೆ. ಸವದತ್ತಿ ಎಲ್ಲಮ್ಮನ ಪರಂಪರೆಯ ‘ಜೋಗಪ್ಪ’ ಸೀರೆಯುಟ್ಟರೂ ಹೆಸರಿನಲ್ಲಿ ‘ಅಪ್ಪ’ನನ್ನು ಉಳಿಸಿಕೊಂಡಿರುವುದೂ ಇಲ್ಲಿ ಸ್ಮರಣೀಯ.

ವ್ಯಾಕರಣವೂ ಈ ನಿವೇದನೆಗೆ ಅವಕಾಶ ಕೊಡುತ್ತದೆ. ಹಿಂದಿಯಲ್ಲಿ ‘ಜಾತಾ ಹೂಂ’, ‘ಜಾತೀ ಹೂಂ’ ಎಂದು ಉತ್ತಮ ಪುರುಷದಲ್ಲಿಯೇ ಲಿಂಗ ಬಯಲಾಗುತ್ತದೆ. ಕನ್ನಡದ ‘ಬಂದೆ’, ‘ಹೋಗುತ್ತೇನೆ’ ಎಂಬ ರೂಪಗಳಲ್ಲಿ ಆ ಒತ್ತಾಯವಿಲ್ಲ. ತನ್ನ ಕಥೆಯನ್ನು ಹೇಳುವ ಪಾಲಕರು ಮಗು ಸಿದ್ಧವಾಗುವವರೆಗೆ ಕಾಯಬಹುದು. ಗೌರವವಾಚಕ ‘ಬಂದರು’ ಎಂಬ ರೂಪವೂ ಲಿಂಗವನ್ನು ಸೂಚಿಸುವುದಿಲ್ಲ. ಆದರೆ ತೊಡಕು ಇರುವುದು ಇಲ್ಲಿಯೇ. ನಮ್ಮ ಅನೇಕ ಮನೆಗಳಲ್ಲಿ ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’. ‘ಅಪ್ಪ ಬಂದರು’, ‘ಅಮ್ಮ ಬಂದಳು’. ಅಪ್ಪನಾಗಿದ್ದವರು ತಾನು ಹೆಣ್ಣೆಂದು ತಿಳಿಸಿದಾಗ ಮಗು ಲಿಂಗವನ್ನಷ್ಟೇ ಅಲ್ಲ, ದೂರವನ್ನೂ ಸಲುಗೆಯನ್ನೂ ಮತ್ತೆ ಅಳೆಯಬೇಕಾಗುತ್ತದೆ. ಅದಾಗಲೇ ‘ಅಮ್ಮ’ ಎಂಬ ಪದಕ್ಕೆ ಮನೆಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ.

2014ರ ನಾಲ್ಸಾ ತೀರ್ಪು ಸ್ವಂತ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ವ್ಯಕ್ತಿಗೆ ನೀಡಿದೆ. ಆದರೆ ಸಂಬಂಧವಾಚಕ ಒಬ್ಬರ ಸ್ವತ್ತಲ್ಲ; ಕರೆಸಿಕೊಳ್ಳುವವರಷ್ಟೇ ಕರೆಯುವವರಿಗೂ ಅದರಲ್ಲಿ ಪಾಲಿದೆ. ಲಿಂಗತ್ವದ ಸತ್ಯವನ್ನು ಮಗುವಿನ ಒಪ್ಪಿಗೆಗೆ ಒಳಪಡಿಸಬೇಕಾಗಿಲ್ಲ. ಕರೆಯುವ ಪದವನ್ನು ಮಾತ್ರ ಮಗುವಿನೊಡನೆ ಕೂಡಿಯೇ ಹುಡುಕಬೇಕಾಗುತ್ತದೆ. ‘ಅಪ್ಪ’ ಎಂದೇ ಕರೆಯುತ್ತಾ ‘ಅವಳು’ ಎಂದು ಹೇಳುವ ಮಗುವಿನ ವಾಕ್ಯ ವ್ಯಾಕರಣದ ದೃಷ್ಟಿಯಿಂದ ದೋಷವೆನಿಸಬಹುದು. ಸಂಬಂಧದ ದೃಷ್ಟಿಯಿಂದ ಅದು ದೋಷವಲ್ಲ. ಇಂತಹ ವಾಕ್ಯಗಳನ್ನು ತಿದ್ದುವ ಮೊದಲು ಕಿವಿಗೊಟ್ಟು ದಾಖಲಿಸುವ ಹೊಣೆ ಕನ್ನಡ ಅಧ್ಯಯನದ ಮೇಲಿದೆ.