ಎದೆ ಉರಿಗೆ ಎರಡು ಚಮಚ ಟಾನಿಕ್

ಜಠರ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲವನ್ನು ತಾಳಿಕೊಳ್ಳಲು ಜಠರದ ಒಳಗೋಡೆಗೆ ಲೋಳೆಯ ಹೊದಿಕೆಯಿದೆ. ಅನ್ನನಾಳಕ್ಕೆ ಅಷ್ಟು ರಕ್ಷಣೆಯಿಲ್ಲ. ಇವೆರಡೂ ಕೂಡುವಲ್ಲಿರುವ ಸ್ನಾಯುವಿನ ಬಳೆ ಸಡಿಲಾದರೆ ಆಮ್ಲ ಮೇಲೇರಿ ಎದೆ ಉರಿ, ಹುಳಿತೇಗು ಬರುತ್ತವೆ. ಕರಿದ ತಿನಿಸು ಜಠರ ಬಿಟ್ಟು ಸಾಗಲು ಹೆಚ್ಚು ಹೊತ್ತು ಬೇಕು. ಹೀಗಾಗಿ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಸಂಜೆ ಮಂಡಕ್ಕಿಯ ಜೊತೆ ಮಿರ್ಚಿ ತಿಂದು, ತಡವಾಗಿ ಉಂಡು, ಕೂಡಲೇ ಮಲಗಿದವರಿಗೆ ನಡುರಾತ್ರಿ ಉರಿ ಏಳುವುದುಂಟು. ಡಾಕ್ಟರ ಚೀಟಿಯಿಲ್ಲದೆ ಸಿಗುವ ಡೈಜಿನ್, ಜೆಲುಸಿಲ್‌ನಂಥ ಬಾಟಲಿಗಳು ನೆನಪಾಗುವುದು ಆಗಲೇ.

ಜಠರದ ಆಮ್ಲ ಯಾವುದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. 1829ರಲ್ಲಿ ಜೇಮ್ಸ್ ಮರ್ರೆ ಎಂಬ ವೈದ್ಯ ಐರ್ಲೆಂಡಿನ ವೈಸರಾಯನ ಹೊಟ್ಟೆನೋವಿಗೆ ಮೆಗ್ನೀಷಿಯಾವನ್ನು ದ್ರವರೂಪದಲ್ಲಿ ಕೊಟ್ಟ. 1873ರಲ್ಲಿ ಅಮೆರಿಕದ ಚಾರ್ಲ್ಸ್ ಫಿಲಿಪ್ಸ್ ಅದನ್ನು ಹಾಲಿನಂಥ ಬಿಳಿ ದ್ರವವಾಗಿ ರೂಪಿಸಿದ. ಇಂದಿನ ಬಾಟಲಿಗಳು ಇದೇ ವಂಶದವು.

ಅವುಗಳಲ್ಲಿ ಮುಖ್ಯವಾಗಿ ಎರಡು ಪ್ರತ್ಯಾಮ್ಲಗಳು (ಆಂಟಾಸಿಡ್) ಇರುತ್ತವೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಬೇಗ ಕೆಲಸ ಮಾಡುತ್ತದೆ, ಆದರೆ ಭೇದಿ ತರಿಸಬಲ್ಲದು. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ನಿಧಾನ, ಜೊತೆಗೆ ಮಲಬದ್ಧತೆ ತರುತ್ತದೆ. ಒಂದರ ಕೆಡುಕನ್ನು ಇನ್ನೊಂದು ತಗ್ಗಿಸಲೆಂದೇ ಎರಡನ್ನೂ ಬೆರೆಸುತ್ತಾರೆ. ಮೂರನೆಯದು ಸಿಮೆಥಿಕೋನ್. ಇದಕ್ಕೂ ಆಮ್ಲಕ್ಕೂ ಸಂಬಂಧವೇ ಇಲ್ಲ. ಬೇಳೆ ಬೇಯುವಾಗ ನೊರೆ ಉಕ್ಕಿದರೆ ಒಂದು ತೊಟ್ಟು ಎಣ್ಣೆ ಬಿಡುತ್ತಾರೆ. ಗುಳ್ಳೆಗಳ ಪೊರೆ ಒಡೆದು ನೊರೆ ಇಳಿಯುತ್ತದೆ. ಸಿಮೆಥಿಕೋನ್ ಹೊಟ್ಟೆಯೊಳಗೆ ಮಾಡುವುದೂ ಅದನ್ನೇ: ಸಣ್ಣ ಗುಳ್ಳೆಗಳು ಒಡೆದು ಒಂದಾಗಿ, ಗಾಳಿ ತೇಗಾಗಿಯೋ ಹೂಸಾಗಿಯೋ ಹೊರಹೋಗುತ್ತದೆ. ಅದು ರಕ್ತಕ್ಕೆ ಸೇರದೆ ಮಲದೊಂದಿಗೆ ಹೋಗಿಬಿಡುತ್ತದೆ.

ಈ ಟಾನಿಕ್ ಆಮ್ಲದ ಉತ್ಪತ್ತಿಯನ್ನು ತಡೆಯುವುದಿಲ್ಲ, ಆಗಲೇ ಸ್ರವಿಸಿದ್ದನ್ನು ಶಮನ ಮಾಡುತ್ತದೆ ಅಷ್ಟೆ. ಆದ್ದರಿಂದ ಹೊತ್ತು ಮುಖ್ಯ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಒಂದು ಗಂಟೆಯೊಳಗೇ ಕರುಳಿಗೆ ಜಾರಿಹೋಗುತ್ತದೆ. ಊಟವಾದ ಒಂದು ಗಂಟೆಯ ನಂತರ ಕುಡಿದರೆ ಆಹಾರದೊಂದಿಗೆ ನಿಂತು ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ಮದ್ದಿನ ಕಣಗಳು ತಳಕ್ಕಿಳಿದಿರುವುದರಿಂದ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಬೇಕು. ಬಾಟಲಿ ಎತ್ತಿ ಗುಟುಕು ಹಾಕುವ ರೂಢಿ ತಪ್ಪು. ಲೇಬಲ್ಲಿನಲ್ಲಿ ಹೇಳಿದಷ್ಟನ್ನು ಅಳತೆಯ ಮುಚ್ಚಳದಲ್ಲೇ ಸುರಿದುಕೊಳ್ಳಬೇಕು.

ಹೆಚ್ಚು ಜನ ಎಡವುವುದು ಬೇರೆ ಮಾತ್ರೆಗಳ ವಿಷಯದಲ್ಲಿ. ಗರ್ಭಿಣಿಯರು ನುಂಗುವ ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್, ಥೈರಾಯ್ಡ್ ಮಾತ್ರೆ ಇವನ್ನೆಲ್ಲ ಆಂಟಾಸಿಡ್ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯ ಅಂತರ ಬೇಕು, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆಯೇ ಬೇಕು. ಕಿಡ್ನಿ ಕೆಟ್ಟವರಲ್ಲಿ ಮೆಗ್ನೀಷಿಯಂ, ಅಲ್ಯೂಮಿನಿಯಂ ಹೊರಹೋಗದೆ ಮೈಯಲ್ಲಿ ಉಳಿಯುವುದರಿಂದ ಅವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನೊರೆಯುಕ್ಕುವ ಈನೋದಂಥ ಪುಡಿಯ 5 ಗ್ರಾಂ ಪೊಟ್ಟಣದಲ್ಲಿ ಅರ್ಧ ಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2 ಗ್ರಾಂ. ಬಿಪಿ ಇರುವವರಿಗೆ ಅದು ಒಗ್ಗದು.

ಗೋವಾದಲ್ಲಿ ತಯಾರಾದ ಡೈಜಿನ್ ಜೆಲ್ ಅನ್ನು 2023ರ ಆಗಸ್ಟ್‌ನಲ್ಲಿ ಕಂಪನಿಯೇ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ತಿಳಿಗುಲಾಬಿ ಬಣ್ಣದ ಸಿಹಿ ಮದ್ದು ಒಂದು ಬಾಟಲಿಯಲ್ಲಿ ಬಿಳಿಯಾಗಿ, ಕಹಿಯಾಗಿ, ಘಾಟು ವಾಸನೆಯೊಂದಿಗೆ ಬಂದಿತ್ತೆಂದು ಗ್ರಾಹಕರೊಬ್ಬರು ದೂರು ಕೊಟ್ಟಿದ್ದರು. ಬಣ್ಣ, ರುಚಿ, ವಾಸನೆ ಬದಲಾದ ಬಾಟಲಿಯನ್ನು ಅಂಗಡಿಗೆ ಮರಳಿಸುವುದೇ ಸರಿ.

ಎರಡು ವಾರ ಕುಡಿದರೂ ಉರಿ ನಿಲ್ಲದಿದ್ದರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ ವೈದ್ಯರ ತಪಾಸಣೆ ಆಗಲೇಬೇಕು. ಎಲ್ಲಕ್ಕಿಂತ ಅಪಾಯದ್ದು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕುವ ಎದೆನೋವು. ಎದೆ ಬಿಗಿದಂತಾಗಿ, ನೋವು ಎಡದೋಳಿಗೋ ದವಡೆಗೋ ಹರಿದು, ಮೈ ಬೆವರಿ, ಉಸಿರು ಕಟ್ಟಿದರೆ ಅದು ಹೃದಯಾಘಾತ ಇರಬಹುದು. ಇದೇ ಸೀಮೆಯ ಕಾನಹೊಸಹಳ್ಳಿಯಂಥ ಊರಿನಿಂದ ದೊಡ್ಡ ಆಸ್ಪತ್ರೆ ದೂರ. ಟಾನಿಕ್ ಕುಡಿದು ಬೆಳಗಿನವರೆಗೆ ಕಾಯದೆ ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಬೇಕು.