ನವಣೆ ಬೆಳೆಯೋದು ಸುಲಭ, ಸಿಪ್ಪೆ ಬಿಡಿಸೋದೇ ಕಷ್ಟ

ನಮ್ಮ ಕೊಪ್ಪಳ ಜಿಲ್ಲೆಗೆ ಎರಡು ಮುಖ. ಗಂಗಾವತಿ ಕಡೆ ಹೋದರೆ ತುಂಗಭದ್ರೆಯ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನ ಹೊಲಗಳಿಗೆ ಮಳೆಯೇ ಗತಿ. ಸಜ್ಜೆ, ಜೋಳ, ತೊಗರಿ, ಹೆಸರು, ಅಕ್ಕಡಿ ಸಾಲಿನಲ್ಲಿ ಒಂದಿಷ್ಟು ನವಣೆ ಈ ನೆಲಕ್ಕೆ ಒಗ್ಗಿದ ಬೆಳೆಗಳು. ಆದರೆ ಈಗ ಊರಲ್ಲಿ ಯಾರ ಮನೆಗೆ ಹೋದರೂ ತಟ್ಟೆ ತುಂಬ ಬಿಳಿ ಅನ್ನ. 2013ರಲ್ಲಿ ಬಂದ ಅನ್ನಭಾಗ್ಯದ ಅಕ್ಕಿಯನ್ನು ನಾನು ಹಳಿಯೋದಿಲ್ಲ. ಬರ ಕಂಡ ಊರಿನವರು ಯಾರೂ ಹಳಿಯೋದಿಲ್ಲ ಬಿಡಿ.

ನನ್ನ ಪ್ರಶ್ನೆ ಬೇರೆ. ಅಕ್ಕಿ ಬಂದರೂ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಉಳಿದವು. ನವಣಕ್ಕಿ ಅನ್ನ ಮಾತ್ರ ಯಾಕೆ ಮಾಯವಾಯಿತು?

ಉತ್ತರ ಸಿಪ್ಪೆಯಲ್ಲಿದೆ. ಜೋಳ, ಸಜ್ಜೆಯನ್ನು ರಾಶಿ ಮಾಡಿದ ಮೇಲೆ ಹಸನು ಮಾಡಿ ನೇರವಾಗಿ ಗಿರಣಿಗೆ ಹಾಕಬಹುದು. ನವಣೆ, ಸಾವೆ, ಬರಗು, ಹಾರಕಕ್ಕೆ ಹಾಗಲ್ಲ. ಕಾಳಿನ ಮೇಲೆ ಗಟ್ಟಿ ಹೊಟ್ಟು ಇರುತ್ತೆ. ಹಿಂದೆ ಅದನ್ನು ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಒನಕೆಯಿಂದ ಕುಟ್ಟಿ, ಕೇರಿ, ಮತ್ತೆ ಕುಟ್ಟಿ ತೆಗೀತಿದ್ದರು. ಸಿರಿಧಾನ್ಯದ ಗುಣಗಾನ ಮಾಡೋ ಭಾಷಣಗಳಲ್ಲಿ ಈ ರಟ್ಟೆನೋವಿನ ಮಾತೇ ಬರೋದಿಲ್ಲ. ಕುಟ್ಟುವ ಕೆಲಸ ತಪ್ಪಿದಾಗ ನಮ್ಮ ಅಜ್ಜಿಯಂದಿರು ನಿಟ್ಟುಸಿರು ಬಿಟ್ಟಿದ್ದರೆ ಅದರಲ್ಲಿ ತಪ್ಪೇನಿದೆ?

ಅವ್ವಗೆ ಸಕ್ಕರೆ ಕಾಯಿಲೆ ಶುರುವಾಗಿ ಡಾಕ್ಟರು ಅನ್ನ ಕಡಿಮೆ ಮಾಡಿ ಅಂದ ಮೇಲೆ ನಾನೇ ಬೆಂಗಳೂರಿನಿಂದ ನವಣಕ್ಕಿ ಪ್ಯಾಕೆಟ್ ಒಯ್ಯತೊಡಗಿದೆ. "ಹೊಲದಾಗ ಬೆಳಿಯೂ ಕಾಳು ಬೆಂಗಳೂರಿನಿಂದ ಬಸ್ಸಿನಾಗ ಬರಬೇಕೇನಪಾ?" ಅಂತ ಅವ್ವ ಕೇಳಿದಳು. ಸಾಫ್ಟ್‌ವೇರ್ ಕೆಲಸದಲ್ಲಿ ಇಡೀ ವ್ಯವಸ್ಥೆ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕೋದು ನನಗೆ ದಿನನಿತ್ಯದ ರೂಢಿ. ಇಲ್ಲಿ ಕಟ್ಟಿಕೊಂಡಿರೋದು ಹೊಲಕ್ಕೂ ಒಲೆಗೂ ನಡುವೆ.

ಇದನ್ನು ಬಿಡಿಸಿ ತೋರಿಸಿದವರು ದೂರದವರೇನಲ್ಲ. ಗದಗ ದಾಟಿ ಧಾರವಾಡ ಜಿಲ್ಲೆಗೆ ಕಾಲಿಟ್ಟರೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮ. ಅದೂ ಮಳೆಯನ್ನೇ ನಂಬಿದ ಊರು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವನ್ನು 2018ರಲ್ಲಿ ಕಟ್ಟಿದವರು ಹದಿನೈದು ಮಂದಿ ಹೆಣ್ಣುಮಕ್ಕಳು. ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಿಂದ ದೇಸಿ ಬೀಜಗಳ ಬ್ಯಾಂಕ್ ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಇನ್ನೊಂದು ಬೀಜ ಸಂರಕ್ಷಣೆಯ ಕಥೆಯಾಗುತ್ತಿತ್ತು. ಅವರು ಸಿರಿಧಾನ್ಯ ಸಂಸ್ಕರಣೆಯ ಘಟಕವನ್ನೂ ಹಾಕಿದರು, ಅದಕ್ಕೆ ಸೌರವಿದ್ಯುತ್ ಜೋಡಿಸಿದರು. ಬೀಜ, ಬೆಳೆ, ಸಿಪ್ಪೆ, ಮಾರಾಟ ಎಲ್ಲವೂ ಹೆಣ್ಣುಮಕ್ಕಳ ಕೈಗೆ ಬಂತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂದಿತು.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. ರೈತಸಿರಿ ಯೋಜನೆಯಲ್ಲಿ ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಣೆಯಾಗಿತ್ತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಯಿತು. ಆದರೆ ಬೆಳೆದ ರೈತ ಹೊಟ್ಟಿನ ಕಾಳನ್ನೇ ವ್ಯಾಪಾರಿಗೆ ಮಾರಿದರೆ, ಅದು ಪಟ್ಟಣದಲ್ಲಿ ಅಕ್ಕಿಯಾಗಿ ಚೆಂದದ ಪ್ಯಾಕೆಟ್ ಸೇರುತ್ತೆ. ಬೆಳೆದವರು ಮತ್ತೆ ಅನ್ನಕ್ಕೇ ಬರ್ತಾರೆ. ಹಾಗಂತ ನವಣೆ ಔಷಧಿ ಅಂತ ನಾನು ಹೇಳೋದಿಲ್ಲ. ಅದೂ ಅಳತೆಯಲ್ಲಿ ಉಣ್ಣಬೇಕಾದ ಊಟವೇ, ಸಕ್ಕರೆ ಕಾಯಿಲೆಯವರು ಗುಳಿಗೆ ಬಿಡೋ ಹಾಗಿಲ್ಲ.

ನಮ್ಮ ಹೋಬಳಿಗೊಂದು ಇಂಥ ಯಂತ್ರ, ಅದನ್ನು ನಡೆಸೋ ಒಂದು ಮಹಿಳಾ ಸಂಘ ಇದ್ದರೆ ಸಾಕು ಅನ್ನಿಸುತ್ತೆ. ಹೊಟ್ಟು ಸಮೇತ ಇಟ್ಟ ನವಣೆ ವರ್ಷಗಟ್ಟಲೆ ಕೆಡೋದಿಲ್ಲ. ಸಿಪ್ಪೆ ತೆಗೆದರೆ ಬೇಗ ಮುಗ್ಗಲು ವಾಸನೆ ಬರುತ್ತೆ. ಅದಕ್ಕೇ ಬೇಕಾದಷ್ಟನ್ನೇ ಹತ್ತಿರದಲ್ಲಿ ಬಿಡಿಸಿಕೊಳ್ಳೋದು ಜಾಣತನ. ನಿಮ್ಮ ಊರಿನ ಸಂಘದವರು ಯಂತ್ರ ಕೊಳ್ಳೋಕೆ ಹೊರಟಿದ್ದರೆ ಒಂದು ಮಾತು: ನವಣೆಗೆ ಹೊಂದೋ ಯಂತ್ರ ಹಾರಕಕ್ಕೂ ಹೊಂದುತ್ತೆ ಅಂತ ನಂಬಬೇಡಿ, ಹಾರಕದ ಸಿಪ್ಪೆ ಬಹಳ ಗಟ್ಟಿ. ನಿಮ್ಮ ಹೊಲದ್ದೇ ಒಂದು ಚೀಲ ಕಾಳು ಒಯ್ದು, ಎದುರಿಗೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.