ಹತ್ತಿರ ಬಂದ ವಿಶ್ವವಿದ್ಯಾನಿಲಯ, ದೂರವೇ ಉಳಿದ ಕನ್ನಡ

ಗಡಿನಾಡ ಕನ್ನಡಿಗರೆಂದರೆ ನಮಗೆ ಮೊದಲು ನೆನಪಾಗುವುದು ನಮ್ಮದೇ ಬವಣೆ. ಅದು ಸಹಜ. ಆದರೆ ಬೀದರಿನ ಆಚೆಗೂ ಕೊಂಚ ಕಣ್ಣು ಹಾಯಿಸಿದರೆ, ನಮ್ಮಂತೆಯೇ ಮನೆಯಲ್ಲೊಂದು ನುಡಿ, ಕಚೇರಿಯಲ್ಲೊಂದು ನುಡಿ ಇಟ್ಟುಕೊಂಡು ಬಾಳುತ್ತಿರುವ ಕನ್ನಡ ಕುಟುಂಬಗಳು ಕಾಣುತ್ತವೆ. ಮಹಾರಾಷ್ಟ್ರದ ಮರಾಠವಾಡಾ ಸೀಮೆಯ ಉಮರ್ಗಾ, ನಿಲಂಗಾ, ಉದಗೀರ್ ತಾಲೂಕುಗಳು ಅಂಥವು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ವರದಿಗಳಲ್ಲಿ ಉಮರ್ಗಾ, ನಿಲಂಗಾಗಳ ಹೆಸರನ್ನು ಹಿರಿಯ ಓದುಗರು ಕಂಡಿರಬಹುದು. ಇಲ್ಲಿ ನಾವು ಹೇಳಹೊರಟಿರುವುದು ಆ ಸೀಮೆಯ ಮಕ್ಕಳ ಕಾಲೇಜು ಓದಿನ ವಿಚಾರವನ್ನು.

ಅವರಿಗೂ ನಮಗೂ ಒಂದು ತಾರೀಕಿನ ನಂಟಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ್, ನಿಲಂಗಾ ತಾಲೂಕುಗಳು ಅಂದಿನ ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. ಉಮರ್ಗಾ ಮೊದಲೇ ಆ ಜಿಲ್ಲೆಯಲ್ಲಿತ್ತು. ಬೀದರ್, ಭಾಲ್ಕಿ, ಹುಮನಾಬಾದ್‌ಗಳು ಮೈಸೂರು ರಾಜ್ಯಕ್ಕೆ ಬಂದವು. 1982ರಲ್ಲಿ ಲಾತೂರು ಹೊಸ ಜಿಲ್ಲೆಯಾದಾಗ ಉದಗೀರ್, ನಿಲಂಗಾ ಅದರ ಪಾಲಾದವು. ಎರಡು ವರ್ಷದ ಬಳಿಕ ಇತ್ತ ಕಾಸರಗೋಡು ಜಿಲ್ಲೆಯಾಯಿತು. ಉಸ್ಮಾನಾಬಾದ್ ಈಗ ಧಾರಾಶಿವವೆಂದು ಹೆಸರು ಪಡೆದಿದೆ.

ಆ ಸೀಮೆಯವರಿಗೆ ಉಚ್ಚ ಶಿಕ್ಷಣವೆಂದರೆ ಒಂದು ಕಾಲದಲ್ಲಿ ಹೈದರಾಬಾದೇ ಆಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನೇ ಬೋಧನ ಮಾಧ್ಯಮ ಮಾಡಿಕೊಂಡಿತು. ವೈದ್ಯಕೀಯದಂಥ ವಿದ್ಯೆಯನ್ನೂ ಭಾರತೀಯ ನುಡಿಯೊಂದರಲ್ಲಿ ಕಲಿಸಬಹುದೆಂದು ತೋರಿಸಿದ ಕೀರ್ತಿ ಅದರದು. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಆ ಮನೆಗಳ ಹುಡುಗರಿಗೆ ಉರ್ದು ಇಂಗ್ಲಿಷಿನಷ್ಟೇ ಪರಕೀಯವಾಗಿತ್ತು. ‘ದೇಶಭಾಷೆ’ ಎಂದ ಮಾತ್ರಕ್ಕೆ ಅದು ಎಲ್ಲರ ತಾಯ್ನುಡಿಯಾಗುವುದಿಲ್ಲ. ಈ ಪಾಠ ಗಡಿನಾಡಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾದುದಲ್ಲ.

ಸ್ವಾತಂತ್ರ್ಯಾನಂತರ, 1958ರ ಆಗಸ್ಟ್ 23ರಂದು ಔರಂಗಾಬಾದಿನಲ್ಲಿ ಮರಾಠವಾಡಾ ವಿಶ್ವವಿದ್ಯಾನಿಲಯ ಆರಂಭವಾಯಿತು. ಅದಕ್ಕೂ ಮೊದಲೇ, 1950ರಲ್ಲಿ, ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿ ಅದೇ ಊರಿನಲ್ಲಿ ಮಿಲಿಂದ್ ಕಾಲೇಜನ್ನು ತೆರೆದಿತ್ತು. ಅಕ್ಷರವೇ ಕಾಣದ ಮನೆಗಳ ಮಕ್ಕಳು ಪದವೀಧರರಾಗಲು ಇಂಥ ಸಂಸ್ಥೆಗಳು ದಾರಿ ಮಾಡಿದವು. ಪ್ರಾದೇಶಿಕ ಸರಕಾರಿ ವಿಶ್ವವಿದ್ಯಾನಿಲಯದ ಮೊದಲ ಕೆಲಸವೇ ಇದು: ದೊಡ್ಡ ನಗರದಲ್ಲಿ ಹಾಸ್ಟೆಲ್ಲಿಟ್ಟು ಓದಿಸಲಾಗದ ತಂದೆತಾಯಿಯರ ಮಕ್ಕಳಿಗೆ, ಊರ ಬಳಿಯ ಸಂಯೋಜಿತ ಕಾಲೇಜಿನ ಮೂಲಕ ಪದವಿ ಕೊಡುವುದು.

ಜನರು ಅದನ್ನು ಎಷ್ಟು ತಮ್ಮದೆಂದು ಭಾವಿಸಿದ್ದರೆಂಬುದಕ್ಕೆ ನಾಮಾಂತರ ಚಳವಳಿಯೇ ಸಾಕ್ಷಿ. ಅದಕ್ಕೆ ಅಂಬೇಡ್ಕರರ ಹೆಸರಿಡುವ ಠರಾವು 1978ರ ಜುಲೈಯಲ್ಲಿ ಶಾಸನಸಭೆಯಲ್ಲಿ ಅಂಗೀಕಾರವಾದೊಡನೆ ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜೀವಹಾನಿಯಾಯಿತು. ಹದಿನಾರು ವರ್ಷಗಳ ಹೋರಾಟದ ಬಳಿಕ, 1994ರ ಜನವರಿ 14ರಂದು, ಅದು ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾನಿಲಯವಾಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ನಾಂದೇಡಿನಲ್ಲಿ ಇನ್ನೊಂದು ವಿಶ್ವವಿದ್ಯಾನಿಲಯ ತಲೆಯೆತ್ತಿತು. ಉದಗೀರ್, ನಿಲಂಗಾಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಉಮರ್ಗಾದವು ಹಳೆಯದರಲ್ಲೇ ಉಳಿದವು.

ನಾಂದೇಡಿನ ವಿಶ್ವವಿದ್ಯಾನಿಲಯಕ್ಕೆ ಸ್ವಾಮಿ ರಾಮಾನಂದ ತೀರ್ಥರ ಹೆಸರಿದೆ. ಹೈದರಾಬಾದ್ ವಿಮೋಚನಾ ಹೋರಾಟದ ಈ ಮುಂದಾಳು ಹುಟ್ಟಿದ್ದು 1903ರಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಸನ್ಯಾಸಕ್ಕೆ ಮುಂಚೆ ಅವರು ವೆಂಕಟೇಶ ಖೇಡಗೀಕರ್, ವೃತ್ತಿಯಿಂದ ಶಾಲಾಮಾಸ್ತರರು. ಉಮರ್ಗಾ ಕಡೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ದುಡಿದವರು. 1952ರಲ್ಲಿ ಲೋಕಸಭೆಗೆ ಆರಿಸಿಬಂದದ್ದು ಗುಲ್ಬರ್ಗದಿಂದ. ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಮಾಸ್ತರರ ಹೆಸರನ್ನು ಮರಾಠಿ ಸೀಮೆಯ ವಿಶ್ವವಿದ್ಯಾನಿಲಯ ಹೊತ್ತಿದೆಯೆಂದರೆ, ಗಡಿಯ ಎರಡೂ ಕಡೆಯ ಬದುಕು ಎಷ್ಟು ಹೆಣೆದುಕೊಂಡಿತ್ತೆಂದು ಊಹಿಸಬಹುದು.

ಇನ್ನು ದೂರದ ಲೆಕ್ಕ. ಉಮರ್ಗಾದಿಂದ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕಲಬುರಗಿ ನೂರಕ್ಕೂ ಕಡಿಮೆ. ಉದಗೀರಿನವರಿಗೆ ನಾಂದೇಡಿಗಿಂತ ಬೀದರೇ ಹತ್ತಿರ, ನೇರ ರೈಲು ಮಾರ್ಗವೂ ಇದೆ. ಗುಲ್ಬರ್ಗ ವಿಶ್ವವಿದ್ಯಾನಿಲಯ ಆರಂಭವಾದದ್ದು 1980ರ ಸೆಪ್ಟೆಂಬರ್ 10ರಂದು. ನಮ್ಮ ಮಂಜೇಶ್ವರದ ಪಕ್ಕದ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾದದ್ದೂ ಅದೇ ದಿನ. ಅವರಿಗೆ ಕಲಬುರಗಿ ಹೇಗೋ ನಮಗೆ ಕೊಣಾಜೆ ಹಾಗೆ: ಹತ್ತಿರವಿದೆ, ಆದರೆ ಬೇರೆ ರಾಜ್ಯದ್ದು. ಗಡಿ ದಾಟಿ ತಂದ ಪದವಿಯನ್ನು ತಮ್ಮ ರಾಜ್ಯದ ಕೆಲಸಕ್ಕೆ ಒಪ್ಪಿಸುವಾಗ ಎಷ್ಟು ಕಾಗದಪತ್ರ ಬೇಕೆಂಬುದು ಇಲ್ಲಿನ ಉದ್ಯೋಗಾಕಾಂಕ್ಷಿಗಳಿಗೆ ಗೊತ್ತು.

ಮರಾಠವಾಡಾದ ಎರಡೂ ವಿಶ್ವವಿದ್ಯಾನಿಲಯಗಳ ಪಾಠದ ನುಡಿ ಮುಖ್ಯವಾಗಿ ಮರಾಠಿ ಮತ್ತು ಇಂಗ್ಲಿಷ್. ಅದರಲ್ಲಿ ತಪ್ಪು ಹುಡುಕಬೇಕಾದುದಿಲ್ಲ. ನಾಡಿನ ನುಡಿಗೆ ನಾಡಿನ ವಿಶ್ವವಿದ್ಯಾನಿಲಯ ಆಸರೆಯಾಗಲೇಬೇಕು. 2022ರ ಏಪ್ರಿಲಿನಲ್ಲಿ 95ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರಿನಲ್ಲೇ, ಅಲ್ಲಿನ ಉದಯಗಿರಿ ಕಾಲೇಜಿನ ಆವರಣದಲ್ಲೇ ನಡೆಯಿತು. ಒಂದು ತಾಲೂಕು ಕೇಂದ್ರದ ಕಾಲೇಜು ತನ್ನ ನುಡಿಗೆ ಎಂಥ ಬೆನ್ನೆಲುಬಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. ಅದೇ ಊರಿನ ಕನ್ನಡ ಮನೆಯ ಹುಡುಗಿಗೆ ಪದವಿ ಈಗ ಕೈಗೆಟಕುತ್ತದೆ. ತಾಯ್ನುಡಿಯನ್ನು ಮುಖ್ಯ ವಿಷಯವಾಗಿ ಓದುವ ಆಸೆಯಾದರೆ ಮಾತ್ರ ಕಣ್ಣು ಕಲಬುರಗಿಯತ್ತ ಹೊರಳುತ್ತದೆ.

ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ತರಗತಿಯಲ್ಲಿ ನಿಂತು ಪಾಠ ಹೇಳುವ ನಮಗೆ ಉತ್ತರ ಸ್ಪಷ್ಟವಿದೆ. ಶಾಲೆಯ ಕನ್ನಡ ನಿಂತಿರುವುದು ಕಾಲೇಜಿನ ಕನ್ನಡದ ಮೇಲೆ. ಕಾಲೇಜಿನಲ್ಲಿ ಕನ್ನಡ ಓದಿದವರಿದ್ದರೆ ಶಾಲೆಗೆ ಊರಿನದೇ ಅಧ್ಯಾಪಕರು ಸಿಗುತ್ತಾರೆ. ಅವರಿಲ್ಲವಾದರೆ ಹುದ್ದೆ ಖಾಲಿ ಬೀಳುತ್ತದೆ, ಇಲ್ಲವೇ ಕನ್ನಡ ಬಾರದವರು ಬಂದು ಕೂರುತ್ತಾರೆ. ಆಮೇಲೆ ಹೆತ್ತವರು ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಮಕ್ಕಳಿಲ್ಲವೆಂದು ಸರಕಾರ ತರಗತಿ ಮುಚ್ಚುತ್ತದೆ. ಕನ್ನಡ ಬಾರದ ಅಧ್ಯಾಪಕರ ನೇಮಕವನ್ನು ಪ್ರತಿಭಟಿಸಿ ನಮ್ಮ ಜಿಲ್ಲೆಯಲ್ಲೇ ಮಕ್ಕಳು ಬೀದಿಗಿಳಿದುದನ್ನು ನಾವೆಲ್ಲ ಕಂಡಿದ್ದೇವೆ.

ಹೊರಗಿನ ಒಂದು ಉದಾಹರಣೆ ಇಲ್ಲಿ ಅಪ್ರಸ್ತುತವಾಗದು. ಫ್ರಾನ್ಸಿಗೆ ಸೇರಿದ ಕೋರ್ಸಿಕಾ ದ್ವೀಪ ನೆಪೋಲಿಯನ್ ಹುಟ್ಟಿದ ನಾಡು. ಅಲ್ಲಿನವರ ಪರಂಪರಾಗತ ನುಡಿ ಫ್ರೆಂಚಲ್ಲ, ಕೋರ್ಸಿಕನ್. ಅಲ್ಲಿಯ ನಾಯಕ ಪಾವೊಲಿ 1765ರಲ್ಲಿ ಕೋರ್ತೆ ಎಂಬ ಬೆಟ್ಟದೂರಿನಲ್ಲಿ ವಿಶ್ವವಿದ್ಯಾನಿಲಯ ತೆರೆದ. 1769ರಲ್ಲಿ ಫ್ರೆಂಚ್ ಸೇನೆ ದ್ವೀಪವನ್ನು ಗೆದ್ದಾಗ ಅದರ ಬಾಗಿಲು ಮುಚ್ಚಿತು. ಮುಂದೆ ಎರಡು ಶತಮಾನ ಅಲ್ಲಿನ ಮಕ್ಕಳು ಉಚ್ಚ ಶಿಕ್ಷಣಕ್ಕೆ ಕಡಲು ದಾಟಬೇಕಾಯಿತು. ಜನರ ಒತ್ತಾಯಕ್ಕೆ ಮಣಿದು ಸರಕಾರ 1981ರಲ್ಲಿ ಅದೇ ಊರಿನಲ್ಲಿ ಮತ್ತೆ ವಿಶ್ವವಿದ್ಯಾನಿಲಯ ತೆರೆಯಿತು. ಪಾವೊಲಿಯ ಹೆಸರಿನ ಆ ಸರಕಾರಿ ಸಂಸ್ಥೆಯಲ್ಲಿ ಇಂದು ವಿಜ್ಞಾನ, ಕಾನೂನುಗಳ ಜೊತೆಗೆ ಕೋರ್ಸಿಕನ್ ನುಡಿಯ ಅಧ್ಯಯನವಿದೆ, ಆ ನುಡಿ ಕಲಿಸುವ ಅಧ್ಯಾಪಕರ ತರಬೇತಿಯಿದೆ. ರಾಜ್ಯದ ನುಡಿಗೆ ಇದರಿಂದ ಯಾವ ಕುಂದೂ ಬಂದಿಲ್ಲ.

ಈ ವಿಷಯದಲ್ಲಿ ನಾವು ಕಾಸರಗೋಡಿನವರು ಉಮರ್ಗಾದವರಿಗಿಂತ ಭಾಗ್ಯವಂತರು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಮೊದಲು ಕೇರಳ ವಿಶ್ವವಿದ್ಯಾನಿಲಯಕ್ಕೆ, 1968ರ ಬಳಿಕ ಕಲ್ಲಿಕೋಟೆಗೆ, 1996ರಿಂದ ಕಣ್ಣೂರಿಗೆ ಒಳಪಟ್ಟಿತು. ಮೇಲಿನ ಯಜಮಾನರು ಎರಡು ಬಾರಿ ಬದಲಾದರೂ ಕನ್ನಡ ವಿಭಾಗ ಉಳಿಯಿತು, ಎಂ.ಎ. ತರಗತಿಯೂ ಬಂತು. 2009ರಲ್ಲಿ ಸ್ಥಾಪನೆಯಾದ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೂ ಕನ್ನಡಕ್ಕೆ ಎಡೆಯಿದೆ. ಇವು ತಾವಾಗಿ ಬಂದವಲ್ಲ, ಕೇಳಿ ಪಡೆದವು.

ಆದರೆ ಪಡೆದುದು ಉಳಿಯುವುದು ಬಳಸಿದರೆ ಮಾತ್ರ. ಸೀಟು ಖಾಲಿ ಬಿದ್ದ ವಿಭಾಗಕ್ಕೆ ಹುದ್ದೆ ಕೇಳುವ ಬಾಯಿ ನಮಗೆ ಎಲ್ಲಿಂದ ಬರಬೇಕು? ಪ್ಲಸ್ ಟು ಮುಗಿಸಿದ ಮಗ, ಮಗಳು ಕನ್ನಡ ಓದುತ್ತೇನೆಂದಾಗ ‘ಅದರಿಂದ ಏನು ಸಿಗುತ್ತದೆ’ ಎಂದು ಬಾಯಿ ಮುಚ್ಚಿಸುವ ಮೊದಲು ಹೆತ್ತವರು ಒಂದು ಕ್ಷಣ ಯೋಚಿಸಬೇಕು. ಗಣಿತ, ವಿಜ್ಞಾನ ಓದಿ ಕನ್ನಡದಲ್ಲಿ ಪಾಠ ಹೇಳಬಲ್ಲವರೂ ನಮಗೆ ಅಷ್ಟೇ ಬೇಕು. ನಾಳೆ ಮೊಮ್ಮಗು ಒಂದನೆಯ ತರಗತಿಗೆ ಹೋದಾಗ ಅದಕ್ಕೆ ಅರ್ಥವಾಗುವ ನುಡಿಯಲ್ಲಿ ಮಾತಾಡುವ ಟೀಚರ್ ಇರಬೇಕಾದರೆ, ಇಂದು ಯಾರ ಮನೆಯಿಂದಲಾದರೂ ಒಬ್ಬರು ಹೋಗಿ ಆ ಕನ್ನಡ ತರಗತಿಯಲ್ಲಿ ಕೂರಲೇಬೇಕು.